ಒಂದೇ ಹೊಲ, ಎರಡು ನಕ್ಷೆ

ರಾಯಚೂರಿನ ನಮ್ಮ ನಕ್ಷೆ ಆಫೀಸಿನಲ್ಲಿ ಕಂಪ್ಯೂಟರ್ ಎರಡಿದ್ದರೂ ಕೀಲಿ ಒಂದೇ ಇತ್ತು. ಹೊಲಗಳ ನಕ್ಷೆ ಬರೆಯುವ ಆ ದುಬಾರಿ ಸಾಫ್ಟ್‌ವೇರು, ಬೆರಳುದ್ದದ ಕೀಲಿಯೊಂದನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಸಂಜೆ ನಮ್ಮ ಸರ್ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಹಾಗೆಯೇ ಮಾನ್ವಿಗೆ ಮದುವೆಗೆ ಹೋಗಿಬಿಟ್ಟರು. ನಮ್ಮೂರು ದೇವದುರ್ಗದಿಂದ ಎಂದಿನಂತೆ ಬಸ್ಸಿನಲ್ಲಿ ನಿಂತೇ ಬಂದ ನಾನು ಇಡೀ ದಿನ ಫ್ಯಾನು ನೋಡುತ್ತಾ ಕೂತೆ. ಸಿಟ್ಟು ನೆತ್ತಿಗೇರಿತು. ಮರುದಿನ ಸರ್ ಮದುವೆಯ ಲಾಡು ತಂದುಕೊಟ್ಟರು. ಲಾಡು ತಿಂದೆ, ಸಿಟ್ಟು ಹಾಗೇ ಉಳಿಯಿತು.

ಆ ಸಿಟ್ಟಿನಲ್ಲೇ ಕಡಿಮೆ ಬೆಲೆಯ ಇನ್ನೊಂದು ಸಾಫ್ಟ್‌ವೇರ್ ಹುಡುಕಿದೆ. ಕೊಳ್ಳುವ ಮುಂಚೆ ಸ್ವಲ್ಪ ದಿನ ಪುಕ್ಕಟೆ ಬಳಸಿ ನೋಡಬಹುದಿತ್ತು. ಸರ್ ಸರ್ವೆ ಕೆಲಸದಲ್ಲೇ ತಲೆ ನರೆಸಿಕೊಂಡವರು, ಅಗ್ಗದ್ದನ್ನು ನಂಬುವ ಜಾಯಮಾನ ಅವರದಲ್ಲ.

"ಆತು ಯವ್ವಾ, ಮಸರಕಲ್ ಕೆಲಸ ಎರಡರಾಗೂ ಮಾಡು. ಒಂದ ನಮೂನಿ ಬಂದ್ರ ಮಾತಾಡಣ," ಎಂದರು.

ಈ ಪರೀಕ್ಷೆಯಲ್ಲಿ ನಾನು ಪಕ್ಷಪಾತಿಯೇ. ಅಗ್ಗದ್ದು ಗೆದ್ದರೆ ದೇವದುರ್ಗದಲ್ಲಿ ನನ್ನದೇ ಅಂಗಡಿ ಇಡಬಹುದಿತ್ತು, ಸರ್‌ಗೂ ಅದು ಗೊತ್ತಿತ್ತು. ದುಬಾರಿಯದನ್ನು ಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತು. ಅವ್ವನಂತೂ ಬಸ್ ಸ್ಟ್ಯಾಂಡ್ ಎದುರಿನ ಮಳಿಗೆಯವರಿಗೆ, "ನನ್ನ ಮಗಳು ಬರಾಕತ್ತಾಳ, ಬ್ಯಾರೆದವರಿಗಿ ಕೊಡಬ್ಯಾಡ್ರಿ," ಎಂದು ಆಗಲೇ ಹೇಳಿಬಂದಿದ್ದಳು. ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ಅವಳ ಲೆಕ್ಕದಲ್ಲಿ ಅಂಗಡಿ ಎಂದರೆ ಮಗಳು ಮಧ್ಯಾಹ್ನ ಮನೆಗೆ ಬಂದು ಬಿಸಿ ರೊಟ್ಟಿ ತಿನ್ನುವುದು, ಅಷ್ಟೇ.

ಮಸರಕಲ್ ಊರಿನ ಹೊಲಗಳ ಸುತ್ತ ನಡೆದು ತಂದ ಅಳತೆಯನ್ನು ಎರಡಕ್ಕೂ ಉಣಿಸಿದೆ. ಹಳೆಯದು ಗೆರೆಗಳನ್ನು ಚೆಂದವಾಗಿ ಕೂಡಿಸುತ್ತಿತ್ತು, ಬಣ್ಣ ತುಂಬುವುದರಲ್ಲಂತೂ ಅದನ್ನು ಮೀರಿಸುವಂತಿರಲಿಲ್ಲ. ಆದರೆ ತೆರೆದುಕೊಳ್ಳುವಷ್ಟರಲ್ಲಿ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಹೊಸದು ಒತ್ತಿದ ತಕ್ಷಣ ತೆರೆದುಕೊಳ್ಳುತ್ತಿತ್ತು. ಸರ್ವೆ ನಂಬರುಗಳನ್ನು ಮಾತ್ರ ಒಂದರ ಮೇಲೊಂದು ಬರೆದು ಗಲೀಜು ಮಾಡುತ್ತಿತ್ತು. ಎಲ್ಲವನ್ನೂ ಕೈಯಾರೆ ಸರಿಸಿದೆ. ಸ್ವಂತ ಕೂಸಿನ ಮೂಗು ಒರೆಸಲು ಯಾರಿಗೆ ಬೇಸರ?

ಎರಡೂ ನಕ್ಷೆಗಳನ್ನು ಸರ್ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿ ಮೊದಲ ಹೊಲ ನೋಡಿದರು. ಹಳೆಯದರಲ್ಲಿ 4.10 ಎಕರೆ, ಹೊಸದರಲ್ಲಿ 4.25.

"ಹದಿನೈದು ಗುಂಟಿ ಎಲ್ಲಿಂದ ತಂತಿದು? ಮಂದಿ ಒಡ್ಡಿನ ಮ್ಯಾಲ ಬಡದಾಡ್ತಾರ. ತಗದ್ ಒಗಿ ಯವ್ವಾ!"

ಬಗ್ಗಿ ನೋಡಿದೆ. ಪಕ್ಕದ ಹೊಲವೂ ಹೆಚ್ಚೇ ಇತ್ತು, ಅದರಾಚೆಯದೂ ಹೆಚ್ಚೇ. ಅವ್ವನಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಹೊಸ ನಕ್ಷೆಯನ್ನು ಸುತ್ತತೊಡಗಿದೆ. ಆಗ ಅಂಚಿನ ಹೊಲವೊಂದು ಕಣ್ಣಿಗೆ ಬಿತ್ತು: 1.75. ಒಂದು ಎಕರೆ ಎಪ್ಪತ್ತೈದು ಗುಂಟೆ? ನಲವತ್ತು ಗುಂಟೆಗೆ ಎಕರೆಯೇ ಮುಗಿದುಹೋಗುತ್ತದಲ್ಲ! ಹಳೆಯ ನಕ್ಷೆಯಲ್ಲಿ ಅದೇ ಹೊಲ 1.30. ಮೂವತ್ತು ಗುಂಟೆ ಎಂದರೆ ಮುಕ್ಕಾಲು ಎಕರೆ.

ನಮ್ಮ ಕಡೆ ಎಕರೆ ಬರೆದು ಚುಕ್ಕೆ ಇಟ್ಟರೆ ಮುಂದಿನದು ಗುಂಟೆಯೇ. ಆ ರೂಢಿಯನ್ನು ಸರ್ ಹಳೆಯ ಸಾಫ್ಟ್‌ವೇರಿಗೆ ಎಂದೋ ಕಲಿಸಿ ಮರೆತಿದ್ದರು. ಹೊಸದಕ್ಕೆ ಯಾರೂ ಹೇಳಿರಲಿಲ್ಲ, ಅದು ಎಕರೆಯನ್ನು ನೂರು ಪಾಲು ಮಾಡಿ ಲೆಕ್ಕ ಒಪ್ಪಿಸಿತ್ತು.

"ಸರ್ರ, ಗುಂಟಿ ಜಾಸ್ತಿ ಆಗಿಲ್ರಿ. ಅದು ನೂರರ ಲೆಕ್ಕದಾಗ ಹೇಳಾಕತ್ತದ, ನಾವು ನಲವತ್ತರ ಲೆಕ್ಕದಾಗ ಕೇಳಾಕತ್ತೀವಿ."

ಸರ್ ಪೆನ್ಸಿಲ್ ಹಿಡಿದು ಹೊಲಹೊಲವನ್ನೂ ಲೆಕ್ಕ ಹಾಕಿದರು. ನಾನು ಪೆನ್ಸಿಲ್ಲಿನ ತುದಿಯನ್ನೇ ನೋಡುತ್ತಿದ್ದೆ. ಕೊನೆಗೆ ಪೆನ್ಸಿಲ್ ಇಟ್ಟು ಕೆಮ್ಮು ಬರುವಷ್ಟು ನಕ್ಕರು. "ಎರಡೂ ನಾಕೂಕಾಲು ಎಕರೆ! ಜಿಂದಗಿ ಎಲ್ಲಾ ಹೊಲಾ ಅಳದು ಹೆಂಗ ಮೋಸ ಹೋದೆ ನೋಡು!" ನಗು ನಿಂತ ಮೇಲೆ ಮೆಲ್ಲಗೆ, "ಹಂಗಾರ ನೀ ಹೋಗಾಕಿ ಅಂತಾತು," ಎಂದರು.

"ಹೂನ್ರಿ," ಎಂದೆ. ಖುಷಿಯಾಯಿತು, ಸರ್ ಅವರನ್ನು ಬಿಟ್ಟುಹೋಗಬೇಕಲ್ಲ ಎಂದು ಬೇಸರವೂ ಆಯಿತು.

"ಹೋಗು. ದೇವದುರ್ಗದ ಕೆಲಸ ನಿನ್ನ ಕಡಿಗೇ ಕಳಸ್ತೀನಿ. ಮೊದಲ ಅದಕ್ಕ ಗುಂಟಿ ಕಲಸು."

ಕಲಿಸಿದ್ದೇನೆ. ನಂಬರುಗಳನ್ನು ಈಗಲೂ ಒಂದರ ಮೇಲೊಂದು ಪೇರಿಸುತ್ತದೆ, ಬೈಯುತ್ತಲೇ ಸರಿಸುತ್ತೇನೆ. ಬಣ್ಣದ ದೊಡ್ಡ ನಕ್ಷೆ ಬೇಕೆಂದವರನ್ನು ರಾಯಚೂರಿಗೇ ಕಳಿಸುತ್ತೇನೆ, ಹೋಗುವ ಮುಂಚೆ ಸರ್ ಊರಲ್ಲಿದ್ದಾರಾ ಎಂದು ಕೇಳಿಕೊಳ್ಳಿ ಎಂದೂ ಹೇಳುತ್ತೇನೆ.

ಅಂಗಡಿ ತೆರೆದ ಮೊದಲ ಬೆಳಿಗ್ಗೆ ರಾಯಚೂರಿನ ಬಸ್ಸು ಎದುರಿಗೇ ಬಂದು ನಿಂತಿತು. "ಬರ್ರಿ ಅಕ್ಕಾರ, ಇವತ್ತ ಕಿಟಕಿ ಸೀಟ್ ಖಾಲಿ ಅದ!" ಎಂದು ಕಂಡಕ್ಟರ್ ಕೂಗಿದ. ಇಷ್ಟು ವರ್ಷ ಸಿಗದ ಸೀಟು! ನಾನು ಬ್ಯಾಗು ಹೆಗಲಿಗೇರಿಸಿ ಎದ್ದೂಬಿಟ್ಟಿದ್ದೆ.

"ನಾ ಬರಂಗಿಲ್ರಿ," ಎಂದು ಕೂಗಿ, ನಗುತ್ತಾ ಮತ್ತೆ ಕೂತೆ. ಮಧ್ಯಾಹ್ನ ಮನೆಗೆ ಹೋದಾಗ ಅವ್ವ ಹೆಂಚು ಕಾಯಿಸಿಕೊಂಡು ಕೂತಿದ್ದಳು.