ಮೆಟ್ಟಿಲ ಮೇಲಿನ ಹರಳೆಣ್ಣೆ

ಮೊನ್ನೆ ಲಂಡನ್ನಿನ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಹರಳೆಣ್ಣೆಯ ಬಾಟಲಿ ಕೈಗೆತ್ತಿಕೊಂಡೆ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅಂಗೈಯೆಲ್ಲ ಜಿಗುಟಾಯಿತು. ಅಂಗಡಿಯ ಹುಡುಗಿ ಟಿಶ್ಯೂ ಚಾಚಿ, ಬೇರೆ ಬಾಟಲಿ ತೆಗೆದುಕೊಳ್ಳಿ ಅಂಕಲ್ ಎಂದಳು. ನಾನು ಕೈ ಒರೆಸಿಕೊಳ್ಳುವ ಬದಲು ಮೂಗಿನ ಹತ್ತಿರ ಹಿಡಿದೆ. ಹಿಡಿಯಬಾರದಿತ್ತು.

ಈ ವಾಸನೆ ನಿಮಗೆ ಏನನ್ನು ನೆನಪಿಗೆ ತರುತ್ತದೋ ತಿಳಿಯದು. ಬಹುಶಃ ಬಚ್ಚಲುಮನೆ, ಹಂಡೆ, ಕಣ್ಣಿಗೆ ಬಿದ್ದ ಸೀಗೆಪುಡಿಯ ಉರಿ. ನನ್ನ ಕಣ್ಣಮುಂದೆ ಬರುವುದು ಥೇಮ್ಸ್ ನದಿಯ ಆಚೆ ದಡದ ಒಂದು ಹಸಿರು ಬಾಗಿಲು. ಒಂದು ಪಕ್ಕದಲ್ಲಿ ಬಣ್ಣದ ಡಬ್ಬಿ ಮಾರುವ ಅಂಗಡಿ, ಇನ್ನೊಂದು ಪಕ್ಕದಲ್ಲಿ ಕುದುರೆ ಬಾಜಿಯ ಅಂಗಡಿ, ನಡುವೆ ಈ ಬಾಗಿಲು. ಬೋರ್ಡು ಇರಲಿಲ್ಲ. ಗೊತ್ತಿದ್ದವರು ಗಂಟೆ ಒತ್ತುತ್ತಿದ್ದರು. ಒಳಗೆ ಹಬೆಯ ಕೋಣೆ, ಬಿಸಿ ಕೋಣೆ, ತಣ್ಣೀರಿನ ಕೊಳ, ಸೊಂಟಕ್ಕೆ ತೆಳ್ಳನೆಯ ಟವೆಲ್ ಸುತ್ತಿಕೊಂಡ ಇಪ್ಪತ್ತು ಮೂವತ್ತು ಗಂಡಸರು. ಗಂಡಸರನ್ನೇ ಬಯಸುವ ಗಂಡಸರು. ಎಂಬತ್ತರ ದಶಕದ ಭಾನುವಾರಗಳ ಮಧ್ಯಾಹ್ನವನ್ನೆಲ್ಲ ನಾನು ಅಲ್ಲಿ ಕಳೆದೆ.

ಅಲ್ಲಿ ಏನು ನಡೆಯುತ್ತಿತ್ತು ಎಂದು ನೀವು ಊಹಿಸುತ್ತಿದ್ದೀರೋ ಅದೂ ನಡೆಯುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಹರಟೆ ನಡೆಯುತ್ತಿತ್ತು. ನಮ್ಮೂರ ಅಶ್ವತ್ಥಕಟ್ಟೆಯ ಹಾಗೆಯೇ, ಅಂಗಿ ಮಾತ್ರ ಇಲ್ಲ. ಬೆಣ್ಣೆ ಹಚ್ಚಿದ ಟೋಸ್ಟು, ದಪ್ಪ ಟೀ, ಮೊಣಕಾಲು ನೋವು, ಮನೆ ಬಾಡಿಗೆಗೆ ಕೊಟ್ಟ ಮುದುಕಿಯ ಕಾಟ. ಒಳಗೆ ಹೋಗುವಾಗ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ಎಲ್ಲರೂ ಸುಳ್ಳು ಹೆಸರು ಬರೆಯುತ್ತಿದ್ದರು. ನಾನು ಪೀಟರ್. ಮೈಸೂರಿನ ಮಡಿವಂತರ ಮನೆಯ, ಎಂಎಸ್ಸಿ ಪಾಸಾದ ಪೀಟರ್. ಪೊಲೀಸರು ಬಂದರೆ ಎಂಬ ಭಯ ಒಂದು. ಇನ್ನೊಂದು, ಅದು ಏಡ್ಸ್ ಕಾಯಿಲೆಯ ಕಾಲ. ಬೆಂಚಿನ ಮೇಲೆ ತನ್ನದೇ ಜಾಗ ಎಂದು ಕೂರುತ್ತಿದ್ದವನು ಎರಡು ವಾರ ಕಾಣದಿದ್ದರೆ ಯಾರೂ ವಿಚಾರಿಸುತ್ತಿರಲಿಲ್ಲ, ಆ ಜಾಗದಲ್ಲಿ ಕೂರುತ್ತಲೂ ಇರಲಿಲ್ಲ. ನಾನು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಸೋಮವಾರ ಬೆಳಿಗ್ಗೆ ರಕ್ತದ ಟ್ಯೂಬುಗಳು ಬರುತ್ತಿದ್ದವು, ಹೆಸರಿನ ಬದಲು ನಂಬರು ಹಚ್ಚಿಕೊಂಡು. ಇದು ಭಾನುವಾರದ ಯಾರದಾದರೂ ಇರಬಹುದೇ ಎಂದುಕೊಳ್ಳುತ್ತಲೇ ಎರಡು ಜೊತೆ ಕೈಗವಸು ಹಾಕಿಕೊಳ್ಳುತ್ತಿದ್ದೆ.

ಆ ಬಾಗಿಲನ್ನು ರಘುವಿಗೆ ತೋರಿಸಿದವನು ನಾನೇ. ರಘು ಧಾರವಾಡದವನು, ಅರಿವಳಿಕೆ ಡಾಕ್ಟರು, ನಮ್ಮ ಆಸ್ಪತ್ರೆಗೇ ಬಂದವನು. ಕ್ಯಾಂಟೀನಿನಲ್ಲಿ ನನ್ನ ತಟ್ಟೆಯ ಪಲ್ಯ ನೋಡಿ, "ಕನ್ನಡದವರೇನ್ರೀ?" ಎಂದು ಎದುರಿಗೆ ಕೂತ. ಎರಡನೆಯ ವಾರಕ್ಕೆ ರೀ ಹೋಗಿ ಲೇ ಬಂತು. ನನಗೆ ಮೈಸೂರಪ್ಪ ಎಂದು ಹೆಸರಿಟ್ಟ. ಅವನು ಜೋರಾಗಿ ನಕ್ಕರೆ ಮೂರು ಮೇಜಿನಾಚೆಯವರು ತಿರುಗುತ್ತಿದ್ದರು. ನಾನು ಅವನನ್ನು ಪ್ರೀತಿಸಿದೆ. ಇಷ್ಟು ಸರಳವಾಗಿ ಈ ವಾಕ್ಯ ಬರೆಯಲು ನನಗೆ ಎಪ್ಪತ್ತು ವರ್ಷವಾಗಬೇಕಾಯಿತು. ಅವನಿಗೆ ಹೇಳಲಿಲ್ಲ. ಕರೆದುಕೊಂಡು ಹೋಗಿ ಹಸಿರು ಬಾಗಿಲು ತೋರಿಸಿದರೆ ಅವನೇ ಅರ್ಥ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಅರ್ಥ ಮಾಡಿಕೊಂಡ. ಆದರೆ ನನ್ನನ್ನಲ್ಲ, ಲೆನ್ ಎಂಬುವವನನ್ನು.

ಲೆನ್ ಬಸ್ ಡ್ರೈವರು. ನಮಗಿಂತ ಎಂಟು ವರ್ಷ ದೊಡ್ಡವನು, ಅಗಲ ಭುಜ, ಮುರಿದು ಕೂಡಿದ ಮೂಗು. ಪುಸ್ತಕದಲ್ಲಿ ನಿಜವಾದ ಹೆಸರು ಬರೆಯುತ್ತಿದ್ದ ಒಬ್ಬನೇ ಮನುಷ್ಯ. ಬಿಸಿ ಕೋಣೆಯಲ್ಲೂ ನಾನು ಪೇಪರು ಓದುತ್ತಿದ್ದೆನೆಂದು ನನ್ನನ್ನು ಪ್ರೊಫೆಸರ್ ಎನ್ನುತ್ತಿದ್ದ. "ಪ್ರೊಫೆಸರ್, ಜಗತ್ತು ಇವತ್ತೂ ಉಳಿದಿದೆಯೇ?" ಅವನ ಮೇಲೆ ಸಿಟ್ಟು ಮಾಡಲೂ ಒಂದು ಕಾರಣ ಸಿಗುತ್ತಿರಲಿಲ್ಲ, ನನ್ನ ಕಷ್ಟ ಅದೇ. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಅದನ್ನು ನೀತಿ ಎಂದು ಕರೆದುಕೊಳ್ಳಬಹುದು. ಒಳ್ಳೆಯವನ ಮೇಲೆ ಪಟ್ಟರೆ ಅದು ಬರೀ ಹೊಟ್ಟೆಕಿಚ್ಚೇ. ನಾನು ಅವನ ಪ್ರತಿಯೊಂದನ್ನೂ ಲೆಕ್ಕವಿಟ್ಟವನ ಹಾಗೆ ನೋಡುತ್ತಿದ್ದೆ: ರಘುವಿನ ಟೀಗೆ ಕೇಳದೆಯೇ ಸಕ್ಕರೆ ಹಾಕುವುದು, ರಘು ಮಾತಾಡುವಾಗ ಅರ್ಥವಾಗದಿದ್ದರೂ ಅವನ ಬಾಯನ್ನೇ ನೋಡುವುದು. ಆದರೂ ಅವರಿಬ್ಬರ ನಡುವೆ ಏನೂ ಗಟ್ಟಿಯಾಗಿರಲಿಲ್ಲ. ರಘುವಿಗೆ ಧಾರವಾಡದಲ್ಲಿ ಹೆಣ್ಣು ನೋಡುತ್ತಿದ್ದರು. ನನಗಿನ್ನೂ ಆಸೆಯಿತ್ತು.

ಆ ವರ್ಷ ನರಕ ಚತುರ್ದಶಿ ಭಾನುವಾರ ಬಿತ್ತು. ರಘು ಹಳೆಯ ಕೆಮ್ಮಿನ ಔಷಧದ ಬಾಟಲಿಯಲ್ಲಿ ಹರಳೆಣ್ಣೆ ತುಂಬಿಕೊಂಡು ಟವೆಲಿನಲ್ಲಿ ಸುತ್ತಿ ಒಳಗೆ ತಂದ. ಅವನ ಕ್ವಾರ್ಟರ್ಸಿನಲ್ಲಿ ಬಿಸಿನೀರು ಒಂದು ಬಕೀಟು ಬಂದು ನಿಂತುಬಿಡುತ್ತಿತ್ತು, ಇಲ್ಲಿ ಬೇಕಾದಷ್ಟು.

"ಹುಚ್ಚೇನೋ ನಿನಗೆ? ಇಲ್ಲಿ ಎಣ್ಣೆ ಸ್ನಾನವೇ?" ಎಂದೆ.

"ಯಾಕ, ಹಚ್ಚಬಾರದಂತ ಬೋರ್ಡ್ ಹಾಕ್ಯಾರೇನು? ನಮ್ಮವ್ವ ಅಲ್ಲಿ ಧಾರವಾಡದಾಗ ಕುಂತಾಳ. ನಾ ಎಣ್ಣಿ ಹಚ್ಕೊಂಡಿಲ್ಲಾಂದ್ರ ಆಕೀಗೆ ಗೊತ್ತಾಗೇ ಆಗ್ತದ."

ಅಂಥ ಬೋರ್ಡು ನಿಜವಾಗಿಯೂ ಇರಲಿಲ್ಲ. ಉಗುಳಬಾರದು, ಓಡಬಾರದು ಎಂದೆಲ್ಲ ಬರೆದಿತ್ತು. ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಬಳಿದುಕೊಳ್ಳುವ ಜನ ಬರಬಹುದೆಂದು ಬರೆಸಿದವನಿಗೆ ಹೊಳೆದಿರಲಿಲ್ಲ. ರಘು ಬಾಟಲಿಯನ್ನು ಬಿಸಿ ಕೋಣೆಯಲ್ಲಿ ಕಾಯಿಸಿ, ಮೊದಲು ಲೆನ್‌ನನ್ನು ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದ. ತಟ್ಟುತ್ತಾ ಅವನ ಅವ್ವ ಹೇಳುತ್ತಿದ್ದ ಹಾಗೆ ಆಯುಷ್ಯ ಹೆಚ್ಚಲಿ ಅಂತೇನೋ ಹೇಳಿದ. ಲೆನ್ ಕಣ್ಣು ಮುಚ್ಚಿ ಮಗುವಿನ ಹಾಗೆ ತಲೆ ಒಡ್ಡಿದ್ದ. ನಾನು ಕೊಳದ ಮೆಟ್ಟಿಲ ಹತ್ತಿರ ಪೇಪರು ಹಿಡಿದು ನಿಂತಿದ್ದೆ.

"ನೀ ಆಮ್ಯಾಲ ಬಾರಲೇ, ನಿನಗೂ ಹಚ್ಚತೇನಿ" ಎಂದ ರಘು.

ಆಮ್ಯಾಲ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಈ ಊರಿನಲ್ಲಿ ಅವನಿಗೆ ಮೊದಲು ಅನ್ನ ಸಾರು ಹಾಕಿದವನು ನಾನು, ಆಮೇಲಿನವನೂ ನಾನೇ.

ಎಣ್ಣೆ ಹಚ್ಚಿ ಮುಗಿದ ಮೇಲೆ ರಘು ಬಾಟಲಿಯನ್ನು ಕೊಳದ ಮೇಲಿನ ಮೆಟ್ಟಿಲ ಅಂಚಿನಲ್ಲಿ ಇಟ್ಟು ಮತ್ತೆ ಲೆನ್‌ನ ಹತ್ತಿರ ಹೋದ. ಯಾರದೋ ಟವೆಲ್ ತಾಗಿ ಅದು ಅಡ್ಡ ಬಿತ್ತು. ಹರಳೆಣ್ಣೆಗೆ ಅವಸರವಿಲ್ಲ, ನಿಮಗೆ ಗೊತ್ತು. ನೀರಾಗಿದ್ದರೆ ನೋಡುವುದರೊಳಗೆ ಹರಿದುಹೋಗುತ್ತಿತ್ತು. ಇದು ನಿಧಾನವಾಗಿ, ನಾಲಿಗೆ ಚಾಚಿದ ಹಾಗೆ, ಬಿಳಿಯ ಕಲ್ಲಿನ ಮೇಲೆ ಹರಡಿತು. ನಾನು ಪೂರ್ತಿ ನೋಡಿದೆ. ರಘು ಲೆನ್‌ನ ಕಡೆ ಮುಖ ಮಾಡಿ, ಏನೋ ತಮಾಷೆ ಹೇಳುತ್ತಾ, ಹಿಮ್ಮುಖವಾಗಿ ನಡೆದು ಬರುತ್ತಿದ್ದ. ನಾಲ್ಕು ಹೆಜ್ಜೆ. ನಿಲ್ಲು ಎನ್ನಲು ಎಷ್ಟು ಹೊತ್ತು ಬೇಕು? ಮೂರು ಹೆಜ್ಜೆ. ಜಾರಲಿ, ಲೆನ್‌ನ ಎದುರು ಬಿದ್ದು ಒಂದಿಷ್ಟು ನಗೆಪಾಟಲಾಗಲಿ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು, ಆಣೆಯಿಟ್ಟು ಹೇಳಬಲ್ಲೆ. ಯಾರ ಮೇಲೆ ಆಣೆಯಿಡಲಿ ಎಂಬುದು ಬೇರೆ ಪ್ರಶ್ನೆ.

ತಲೆ ಕಲ್ಲಿಗೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಸದ್ದಲ್ಲ, ಅದಕ್ಕಿಂತ ಮೆತ್ತಗೆ. ಅವನು ಕೊಳಕ್ಕೆ ಜಾರಿ ಮುಳುಗಿದ. ನೀರು ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಕೊಳದಲ್ಲಿದ್ದ ಇಬ್ಬರು ಕಿರುಚಿಕೊಂಡು ಮೇಲೆ ಹತ್ತಿದರು. ಆ ಕಾಲದಲ್ಲಿ, ಆ ಕೋಣೆಯಲ್ಲಿ, ರಕ್ತ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ನಿಂತಲ್ಲಿಂದ ಕದಲಲಿಲ್ಲ.

ಲೆನ್ ನನ್ನನ್ನು ಪಕ್ಕಕ್ಕೆ ತಳ್ಳಿ ಧುಮುಕಿದ. ಎತ್ತಿ ತಂದು ಮಲಗಿಸಿ, ರಕ್ತ ಇಳಿಯುತ್ತಿದ್ದ ಆ ಮುಖಕ್ಕೆ ಮುಖವಿಟ್ಟು ಬಾಯಿಗೆ ಬಾಯಿಯಿಂದ ಉಸಿರು ಊದಿದ. ಒಂದು ಸಲವೂ ಹಿಂದೆಮುಂದೆ ನೋಡಲಿಲ್ಲ. ರಘು ಕೆಮ್ಮಿದಾಗ ಲೆನ್‌ನ ಗಲ್ಲವೆಲ್ಲ ಕೆಂಪಾಗಿತ್ತು. ಆಂಬುಲೆನ್ಸಿನವರು ಬಂದು ಹೆಸರು ಕೇಳಿದರು. ಪುಸ್ತಕದಲ್ಲಿ ರಾಜ್ ಎಂದಿತ್ತು. ನಿಜವಾದ ಹೆಸರು ಗೊತ್ತಿದ್ದ ನಾನು ಅಷ್ಟರಲ್ಲಿ ಷರಾಯಿ ಏರಿಸಿಕೊಂಡು ರಸ್ತೆಯಾಚೆಯ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಕಂಬಳಿ ಹೊದ್ದ ಲೆನ್ ಸ್ಟ್ರೆಚರಿನ ಜೊತೆ ಒಳಗೆ ಹತ್ತುವುದು ಕಾಣಿಸಿತು. ನನಗೆ ಹೆದರಿಕೆಯಾಗಿತ್ತು. ಆ ಹೆದರಿಕೆಯಲ್ಲೂ, ಆ ಗಾಡಿಯೊಳಗೆ ಅವನ ಕೈ ಹಿಡಿದು ಕೂತವನು ನಾನಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಎಂಥ ಮನುಷ್ಯ ನೋಡಿ.

ನಾಲ್ಕನೆಯ ದಿನ ನೋಡಲು ಹೋದೆ. ತಲೆಗೆ ಹನ್ನೊಂದು ಹೊಲಿಗೆ. ಲೆನ್ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ.

"ಎಲ್ಲಿ ಓಡಿಹೋಗಿದ್ಯಲೇ ಹೇಡಿ?" ಎಂದ ರಘು.

"ಹೆದರಿಕೆಯಾಯಿತು ಕಣೋ" ಎಂದೆ. ಅರ್ಧ ಸತ್ಯ. ಉಳಿದರ್ಧವನ್ನು ಲೆನ್ ಸುಲಿದ ಕಿತ್ತಳೆಯ ತೊಳೆಯ ಜೊತೆ ನುಂಗಿದೆ.

ನನ್ನ ಶಿಕ್ಷೆ ಎಂಥದೆಂದು ಕೇಳಿ. ಆ ಬೀಳುವಿಕೆಯೇ ಅವರಿಬ್ಬರನ್ನು ಕೂಡಿಸಿತು. ರಘು ಊರಿಗೆ ಹೆಣ್ಣು ಬೇಡವೆಂದು ಬರೆದ. ಲೆನ್‌ನ ಫ್ಲಾಟಿಗೆ ಪೆಟ್ಟಿಗೆ ಸಾಗಿಸಿದ. ಪೆಟ್ಟಿಗೆಯ ಒಂದು ತುದಿ ಹಿಡಿದವನು ನಾನು. ಈಗಲೂ ನಾಲ್ಕು ಜನ ಸೇರಿದರೆ ರಘು ಶುರುಮಾಡುತ್ತಾನೆ: "ನಾ ಜಾರಿ ಬಿದ್ದೆ, ಈಂವ ಎತ್ತಿದಾ, ಇನ್ನೂ ಕೆಳಗ ಇಳಿಸಿಲ್ಲ!" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ನೆಲ ಒದ್ದೆಯಿದೆ ಎಂಬ ಹಳದಿ ಫಲಕ ಕಂಡರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹಿಂದಿನವರು ಬೈದುಕೊಂಡು ದಾಟಿ ಹೋಗುತ್ತಾರೆ. ನಾನು ಮನಸ್ಸಿನಲ್ಲಿ ಹೆಜ್ಜೆ ಎಣಿಸುತ್ತಿರುತ್ತೇನೆ. ನಾಲ್ಕು, ಮೂರು, ಎರಡು.

ಮೊನ್ನೆ ಹರಳೆಣ್ಣೆ ತರಲು ಹೇಳಿದವನು ರಘುವೇ. "ಏ ಮೈಸೂರಪ್ಪಾ, ಹಬ್ಬಕ್ಕ ಬರೋಮುಂದ ಔಡಲೆಣ್ಣಿ ತಗೊಂಬಾ. ಲೆನ್‌ಗ ಎಣ್ಣಿ ಹಚ್ಚಿ ಎರೀಬೇಕು. ನನ್ನೊಬ್ಬನ ಕೈಲೆ ಆಗೂದಿಲ್ಲ" ಎಂದು ಫೋನು ಮಾಡಿದ್ದ. ಹೋದ ವರ್ಷದ ಪಾರ್ಶ್ವವಾಯುವಿನಿಂದ ಲೆನ್‌ನ ಬಲಗೈ ಏಳುವುದಿಲ್ಲ, ಮಾತು ತಡೆದು ತಡೆದು ಬರುತ್ತದೆ. ಇವತ್ತು ಬೆಳಿಗ್ಗೆ ನಾನಿರುವ ಎಜ್‌ವೇರಿನಿಂದ ಬಸ್ಸು ಹಿಡಿದು ಹೋದೆ. ಅವರ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಲೆನ್ ಕೂತಿದ್ದ, ಒದ್ದೆಯಾಗದಿರಲೆಂದು ರಘು ತನ್ನ ಕಿವಿಯ ಮಷೀನು ತೆಗೆದಿಟ್ಟಿದ್ದ, ನಾನು ಸ್ಟೀಲ್ ಬಟ್ಟಲು ಹಿಡಿದುಕೊಂಡಿದ್ದೆ. ಎಂಬತ್ತರ ಹತ್ತಿರದ ಆ ಬೋಳು ನೆತ್ತಿಗೆ ರಘು ಎಣ್ಣೆ ತಟ್ಟಿದ. ಆಯುಷ್ಯ ಹೆಚ್ಚಲಿ ಎಂದ. ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಒಮ್ಮೆ ಎದ್ದು ಕೂತಿತು. ಇನ್ನೂ ಸತ್ತಿಲ್ಲವಲ್ಲ ಎಂದು ನನಗೇ ಆಶ್ಚರ್ಯ.

ರಘು ನೀರಿನ ಜಗ್ಗು ಎತ್ತಿಕೊಳ್ಳಲು ಹಿಮ್ಮುಖವಾಗಿ ಹೆಜ್ಜೆಯಿಟ್ಟ. ಲೆನ್‌ನ ಮೊಣಕೈಯಿಂದ ಇಳಿದ ಎಣ್ಣೆ ಟೈಲ್ಸಿನ ಮೇಲೆ ನಾಲಿಗೆ ಚಾಚಿತ್ತು.

"ನಿಲ್ಲು!" ಎಂದು ಕೂಗಿದೆ. ಮಷೀನಿಲ್ಲದ ಕಿವಿಗೂ ಕೇಳುವಷ್ಟು ಜೋರಾಗಿ.

ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ರಘು ಗೋಡೆ ಹಿಡಿದ. "ಏನಾತಲೇ? ಹಾವು ಕಂಡಿಯೇನು?"

"ಎಣ್ಣೆ. ನಿನ್ನ ಹಿಮ್ಮಡಿ ಹತ್ತಿರ."

ಲೆನ್ ನಿಧಾನವಾಗಿ ತಲೆಯೆತ್ತಿ ನನ್ನನ್ನೇ ನೋಡಿದ. ತುಟಿಯ ಒಂದು ಬದಿ ಮಾತ್ರ ನಕ್ಕಿತು.

"ಈ ಸಲ ನೀನು ಹೇಳಿಬಿಟ್ಟೆ, ಪ್ರೊಫೆಸರ್" ಎಂದ ಇಂಗ್ಲಿಷಿನಲ್ಲಿ, ಒಂದೊಂದೇ ಪದವನ್ನು ಹುಡುಕಿ ತೆಗೆದು.

ಹಾಗಾದರೆ ಅವನಿಗೆ ಗೊತ್ತಿತ್ತು. ಆವತ್ತು ರಘು ಇವನ ಕಡೆ ಮುಖ ಮಾಡಿದ್ದ. ಇವನ ಮುಖ ನನ್ನ ಕಡೆಗಿತ್ತು. ನಾನು ಎಣ್ಣೆ ನೋಡಿಯೂ ಸುಮ್ಮನಿದ್ದದ್ದನ್ನು ಇವನು ನೋಡಿದ್ದ. ಇಷ್ಟು ವರ್ಷ ಅದನ್ನು ಒಳಗಿಟ್ಟುಕೊಂಡು ನನಗೆ ಟೀ ಮಾಡಿಕೊಟ್ಟಿದ್ದಾನೆ, ಸಕ್ಕರೆ ಎಷ್ಟೆಂದು ಕೇಳದೆಯೇ. ಅದಕ್ಕೂ, ನಂಬಿ, ನನಗೆ ಹೊಟ್ಟೆಕಿಚ್ಚಾಯಿತು. ನನ್ನಿಂದ ಅಷ್ಟು ಒಳ್ಳೆಯವನಾಗಲು ಆಗುತ್ತಿರಲಿಲ್ಲ.

"ಏನಂದಾ ಆಂವ?" ರಘು ನನ್ನ ಬಾಯನ್ನು ನೋಡುತ್ತಾ ಕೇಳಿದ.

"ಹೋಗಿ ಕಿವಿಗೆ ಮಷೀನು ಹಾಕಿಕೊಂಡು ಬಾ" ಎಂದು ಕೈಸನ್ನೆ ಮಾಡಿದೆ. "ನಿನಗೆ ಒಂದು ಮಾತು ಹೇಳಬೇಕು."

ಅವನು ಗೊಣಗುತ್ತಾ, ಎಣ್ಣೆಯನ್ನು ದಾಟಿ, ಗೋಡೆ ಹಿಡಿದುಕೊಂಡು ಹೋದ. ನಾನು ಮೊಣಕಾಲೂರಿ ಕೂತು, ಮೈ ತಿಕ್ಕಲು ಇಟ್ಟಿದ್ದ ಕಡಲೆಹಿಟ್ಟನ್ನು ನೆಲದ ಮೇಲೆ ಉದುರಿಸಿ ಒರೆಸತೊಡಗಿದೆ. ಲೆನ್ ತನ್ನ ಎಡಗಾಲನ್ನು ಮೇಲೆತ್ತಿ ಹಿಡಿದ, ಅದರಡಿಯೂ ಒರೆಸಲೆಂದು.