ದೊರೆಮನೆ ಮುಂದಿನ ನಲವತ್ತು ಹೆಜ್ಜೆ

ಹೋದ ಸೋಮವಾರ ಕಚೇರಿಗೆ ಹೊಸ ಸ್ಟ್ಯಾಂಪ್ ಪ್ಯಾಡ್ ಬಂತು. ತಿಪಟೂರಿನ ಒಂದು ಕಾಲೇಜಿನಲ್ಲಿ ಬರುವ ಹೋಗುವ ಕಾಗದಗಳಿಗೆ ತಾರೀಖಿನ ಮುದ್ರೆ ಒತ್ತಿ ರಿಜಿಸ್ಟರಿನಲ್ಲಿ ಬರೆಯುವ ಕೆಲಸ ನನ್ನದು. ತಗಡಿನ ಮುಚ್ಚಳ ಎಬ್ಬಿಸಿದ ಕೂಡಲೇ ಹಸಿ ಮಸಿಯ ವಾಸನೆ ಬಂತು. ಹರಳೆಣ್ಣೆಗೆ ಹೊಗೆ ಬೆರೆತಂಥ ವಾಸನೆ... ಎಂಟು ವರ್ಷದಿಂದ ನಾನು ಬೇಕೆಂದೇ ದೂರ ಇಟ್ಟಿದ್ದ ಒಬ್ಬರು ಆ ವಾಸನೆಯ ಜೊತೆ ಎದುರು ಬಂದು ನಿಂತರು.

ಅವರನ್ನು ನಾವು ಪೋಸ್ಟ್ ಮಾವ ಎನ್ನುತ್ತಿದ್ದೆವು. ಕಂದಿಕೆರೆ ಕಡೆಯ ನಮ್ಮ ಸಣ್ಣ ಊರಿನ ಅಂಚೆ ಕಚೇರಿ ಎಂದರೆ ಅವರೇ. ಕಿಟಕಿಯ ಹಿಂದೆ ಕೂರುವವರೂ ಅವರು, ಸೈಕಲ್ ಹತ್ತಿ ಮೂರು ಊರಿಗೆ ಕಾಗದ ಹಂಚುವವರೂ ಅವರು. ಕಚೇರಿ ಇದ್ದದ್ದು ದೊರೆಮನೆಯ ಹೊರಜಗಲಿಯ ಕೋಣೆಯಲ್ಲಿ. ಹಿಂದೆ ನಮ್ಮ ಸೀಮೆ ಆಳಿದ ಪಾಳೆಯಗಾರರ ಮನೆ ಅದು. ಆಳ್ವಿಕೆ ಹೋಗಿ ಎಷ್ಟು ತಲೆಮಾರಾಯಿತೋ, ಮನೆಯ ಹೆಸರು ಮಾತ್ರ ದೊರೆಮನೆ ಎಂದೇ ಉಳಿದಿತ್ತು. ಬಾಡಿಗೆ ಇಲ್ಲದೆ ಆ ಕೋಣೆ ಬಿಟ್ಟುಕೊಟ್ಟವರು ಹಳೇ ದೊರೆಗಳು.

ಬೆಳಿಗ್ಗೆ ಬಾಗಿಲು ತೆಗೆದವರೇ ಪೋಸ್ಟ್ ಮಾವ ಮೊಹರಿನ ಅಂಕಿಗಳನ್ನು ಚಿಮಟದಿಂದ ಬದಲಾಯಿಸಿ, ಆ ದಿನದ ಮೊದಲ ಮುದ್ರೆಯನ್ನು ಒಂದು ಹಾಳೆ ಚೂರಿನ ಮೇಲೆ ಒತ್ತಿ ನೋಡುತ್ತಿದ್ದರು. ಆರನೇ ಕ್ಲಾಸಿನಿಂದ ಆ ಚೂರು ನನ್ನದು. ಕಿಟಕಿಯ ಸರಳಿನ ನಡುವೆ ಕೈ ಚಾಚಿದರೆ ಅಂಗೈ ಮೇಲೆ ಇಡುತ್ತಿದ್ದರು. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ಕೆಳಗೆ ಆ ದಿನದ ಸಂಗತಿ ಬರೆಯುತ್ತಿದ್ದೆ. ನನಗೆ ಡೈರಿಯ ಅಭ್ಯಾಸ ಹತ್ತಿದ್ದು ಹೀಗೆ. "ತಾರೀಖಿಲ್ದಿದ್ ಕಾಗ್ದಕ್ಕೆ ಸಾಕ್ಷಿ ಇಲ್ಲ ಕಣವ್ವ," ಎಂದು ಒಮ್ಮೆ ಹೇಳಿದ್ದರು.

ದೊರೆಮನೆಯ ಮುಂದೆ ಒಂದು ಪದ್ಧತಿ ಇತ್ತು. ಹುಣಸೆಮರದಿಂದ ಅರಳಿಕಟ್ಟೆಯವರೆಗೆ, ನನ್ನ ಅಳತೆಯಲ್ಲಿ ನಲವತ್ತು ಹೆಜ್ಜೆ, ಯಾರೂ ಸವಾರಿಯ ಮೇಲೆ ಹೋಗುವಂತಿಲ್ಲ. ಸೈಕಲ್ಲಿನವರು ಇಳಿದು ತಳ್ಳಬೇಕು, ಬೈಕಿನವರು ಎಂಜಿನ್ ಆರಿಸಬೇಕು, ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಬರಬೇಕು. ಮನೆಯೊಳಗೆ ಯಾರೂ ಇಲ್ಲದಿದ್ದರೂ ಬಾಗಿಲಿಗೆ ಮರ್ಯಾದೆ ಸಲ್ಲಬೇಕು.

ಪೋಸ್ಟ್ ಮಾವ ಇಳಿಯುತ್ತಿರಲಿಲ್ಲ. ಬೆನ್ನ ಮೇಲೆ ಖಾಕಿ ಚೀಲ, ಹೆಗಲ ಮೇಲೆ ಟವೆಲ್, ನಲವತ್ತು ಹೆಜ್ಜೆಯನ್ನೂ ತುಳಿದುಕೊಂಡೇ ಬಂದು ಜಗಲಿ ಮೆಟ್ಟಿಲಿಗೆ ಸೈಕಲ್ ಒರಗಿಸುತ್ತಿದ್ದರು. ಯಾಕೆ ಮಾವ ಎಂದು ಕೇಳಿದ್ದಕ್ಕೆ, ಇಳಿದರೆ ಕಾಗದ ತಡವಾಗುತ್ತದೆ ಎಂದು ನಕ್ಕಿದ್ದರು. ಇನ್ನೊಂದು ದಿನ, ನಾನು ಕೇಳದೆಯೇ, ಮೊಹರು ಒರೆಸುತ್ತಾ ಹೇಳಿದರು: "ನಮ್ಮಪ್ಪ ಇದೇ ಹಾದೀಲಿ ಚಪ್ಲಿ ಕಂಕುಳಲ್ಲಿ ಇಟ್ಕಂಡು ಓಡಾಡ್ದ. ಇದೇ ಮನೇಲಿ ನನಗ್ ಕುರ್ಚಿ ಸಿಕ್ತು. ಇಳುದ್ರೆ ನಮ್ಮಪ್ಪುಂಗೆ ಏನ್ ಹೇಳ್ಲವ್ವ?" ಹಳೇ ದೊರೆಗಳು ಅದನ್ನು ನೋಡಿಯೂ ಏನೂ ಅಂದವರಲ್ಲ. ಊರಿಗೆ ಬಂದಾಗ ತಾವೇ ಕಿಟಕಿಯ ಮುಂದೆ ನಿಂತು ಪತ್ರ ಕೇಳಿ ಪಡೆಯುತ್ತಿದ್ದರು.

ನಾನು ಮೊದಲನೇ ಪಿಯುಸಿಯಲ್ಲಿದ್ದಾಗ ಹಳೇ ದೊರೆಗಳು ತೀರಿಕೊಂಡರು. ಅವರ ಮಗನನ್ನು ಗದ್ದಿಗೆಯ ಮೇಲೆ ಕೂರಿಸಿ ಪಟ್ಟ ಕಟ್ಟಬೇಕೋ, ಇಲ್ಲಿಗೆ ಸಾಕೋ ಎಂಬ ಮಾತು ಊರಲ್ಲಿ ಎದ್ದಿತು. ಚಹಾದಂಗಡಿಯ ಬೆಂಚು ಎರಡು ಪಾಲಾಯಿತು.

"ಓಟ್ ಹಾಕಿ ಗೆಲ್ಸಿದೋನು ಐದ್ ವರ್ಷ ಮುಖ ತೋರ್ಸಕಿಲ್ಲ. ದೊರೆ ವರ್ಷಕ್ಕೊಂದ್ಸಲನಾದ್ರೂ ಬತ್ತಾನೆ ಕಣ್ಲಾ," ಎಂದು ಒಬ್ಬ.

"ಬಂದು ಏನ್ ಮಾಡ್ತಾನ್ಲಾ? ನಮ್ ಮರದ ಎಳನೀರು ಕುಡ್ದು, ನಮ್ ಕೈಲೇ ಕೈ ಮುಗುಸ್ಕೊಂಡು ಹೋಗ್ತಾನೆ," ಎಂದು ಇನ್ನೊಬ್ಬ.

ನಮ್ಮಜ್ಜಿ ಮೊದಲನೆಯವನ ಕಡೆ. ಅವರು ಕಟ್ಟಿಸಿದ ಕೆರೆಯ ನೀರಲ್ಲಿ ನಮ್ಮ ತೆಂಗು ನಿಂತಿದೆ, ಕೈ ಮುಗಿದರೆ ಕೈ ಸವೆಯುತ್ತದೆಯೇ ಎನ್ನುತ್ತಿದ್ದಳು. ಹುಡುಗರಿಗೆ ಪೇಟ, ಕತ್ತಿ, ಫೋಟೋ ಬೇಕಿತ್ತು. ಕೊನೆಗೆ ಪಟ್ಟ ಕಟ್ಟುವುದೆಂದೇ ಆಯಿತು.

ಊರು ಹೀಗೆ ಎರಡು ಮಾತಾಡುವಾಗ ನಾನು ಎಣಿಸಲು ಕೂತೆ. ನಮ್ಮ ಮನೆ ಹುಣಸೆಮರದ ಎದುರಿಗೇ. ಕಾಲೇಜಿನ ಬಸ್ಸು ಬರುವವರೆಗೆ ಜಗಲಿಯಲ್ಲಿ ಕೂತು ಮೂರು ಗೆರೆ ಎಳೆದೆ: ಇಳಿದವರು, ನಿಧಾನ ಮಾಡಿದವರು, ಇಳಿಯದವರು. ಹೆಸರು, ಸಮಯ ಎಲ್ಲವನ್ನೂ ಬರೆದೆ. ಮೂವತ್ತೊಂದು ದಿನ ಬರೆದೆ. ನೋಡಿದ ಹಾಗೆ ಮುದುಕರು ಒಬ್ಬರೂ ತಪ್ಪದೆ ಇಳಿದರು. ಬೈಕಿನ ಹುಡುಗರು ದೊರೆಮನೆಯ ಆಗುಹೋಗು ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರರು ಬಾಗಿಲಲ್ಲಿ ನಿಂತಿದ್ದರೆ ಇಳಿದರು, ಇಲ್ಲದಿದ್ದರೆ ಇಲ್ಲ. ಸ್ಕೂಟಿಯ ಹೆಂಗಸರು ಯಾರೂ ಇಳಿಯಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ಹೆಂಗಸರು ಗಾಡಿ ಓಡಿಸಿಯಾರು ಎಂದು ಪದ್ಧತಿ ಮಾಡಿದವರಿಗೆ ಹೊಳೆದೇ ಇರಲಿಲ್ಲವೇನೋ. ಪೋಸ್ಟ್ ಮಾವನ ಹೆಸರಿನ ಮುಂದೆ ಮೂರನೇ ಕಾಲಮ್ಮಿನಲ್ಲಿ ರಜಾದಿನ ಬಿಟ್ಟು ಪ್ರತಿದಿನವೂ ಒಂದೊಂದು ಗೀಟು. ನನಗೆ ಆ ಸಾಲು ನೋಡಲು ಬಲು ಇಷ್ಟವಾಗಿತ್ತು. ಒಂದೂ ಓರೆಯಿಲ್ಲದ ಸಾಲು...

ಆ ಪಾರುಪತ್ಯಗಾರರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಪಟ್ಟದ ಚಪ್ಪರಕ್ಕೆ ಅಪ್ಪನ ಹತ್ತಿರ ತೆಂಗಿನ ಗರಿ ಕೇಳಲು ಬಂದದ್ದು. ಅಪ್ಪ ತೋಟದಿಂದ ಬರುವವರೆಗೆ ಕೂತವರ ಕಣ್ಣು ನನ್ನ ನೋಟ್‌ಬುಕ್ಕಿನ ಮೇಲೆ ಬಿತ್ತು. ಅಕ್ಷರ ಅಚ್ಚಿನ ಹಾಗಿದೆ ಎಂದು ಹೊಗಳಿದರು. ನಾನು ಉಬ್ಬಿದೆ. ಅವರು ಕೇಳದಿದ್ದರೂ ಯಾವ ಗೀಟು ಯಾವುದಕ್ಕೆ ಎಂದು ಬೆರಳಿಟ್ಟು ತೋರಿಸಿದೆ. ಒಂದು ದಿನದ ಮಟ್ಟಿಗೆ ಕೊಟ್ಟಿರು, ಚಿಕ್ಕ ದೊರೆಗಳಿಗೆ ತೋರಿಸುತ್ತೇನೆ ಎಂದರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಇದನ್ನು ಬರೆಯುವಾಗ ಇವತ್ತಿಗೂ ಕೈ ಬಿಸಿಯಾಗುತ್ತದೆ.

ಎರಡು ದಿನ ಕಳೆದು ದೊರೆಮನೆಯ ಜಗಲಿಯಲ್ಲಿ ಊರವರು ಸೇರಿದರು. ಪಟ್ಟದ ಕೆಲಸ ಹಂಚಿಕೊಳ್ಳುವ ಸಭೆ ಎಂದುಕೊಂಡು ನಾನೂ ಅಜ್ಜಿಯ ಹಿಂದೆ ಹೋದೆ. ಪಾರುಪತ್ಯಗಾರರು ಕಂಬಕ್ಕೆ ಒರಗಿ ನಿಂತು ನನ್ನ ನೋಟ್‌ಬುಕ್ ತೆಗೆದರು. ಬೈಕಿನ ಹುಡುಗರ ಹೆಸರು ಒಂದನ್ನೂ ಓದಲಿಲ್ಲ. ಪೋಸ್ಟ್ ಮಾವನ ಸಾಲನ್ನು ಮಾತ್ರ, ತಾರೀಖು ತಾರೀಖಾಗಿ, ನಿಧಾನವಾಗಿ ಓದಿದರು. ನನ್ನ ಅಕ್ಷರ ಇನ್ನೊಬ್ಬರ ಬಾಯಲ್ಲಿ ಹಾಗೆ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಷರತ್ತು ಹೇಳಿದರು. ಪಟ್ಟದ ದಿನ ಎಲ್ಲರ ಎದುರಿಗೆ ಹುಣಸೆಮರದ ಹತ್ತಿರ ಸೈಕಲ್ ಇಳಿಯಬೇಕು. ಟವೆಲ್ ಸೊಂಟಕ್ಕೆ ಕಟ್ಟಿ, ಜುಟ್ಟಿನ ತೆಂಗಿನಕಾಯಿ ಹಿಡಿದು ನಡೆದು ಬಂದು ಚಿಕ್ಕ ದೊರೆಗೆ ಒಪ್ಪಿಸಬೇಕು. ಇಲ್ಲದಿದ್ದರೆ ಆ ತಿಂಗಳಲ್ಲೇ ಕೋಣೆ ಖಾಲಿ ಮಾಡಬೇಕು. ಊರಲ್ಲಿ ಬೇರೆ ಜಾಗ ಕೊಡುವವರು ಇರಲಿಲ್ಲ. ಕೋಣೆ ಹೋದರೆ ಕಚೇರಿ ಪಕ್ಕದ ಊರಿಗೆ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವೃದ್ಧಾಪ್ಯ ವೇತನಕ್ಕೆ ಅಜ್ಜಿಯಂಥವರು ಮೂರು ಮೈಲಿ ನಡೆಯಬೇಕು. ಆ ಕಡೆಗೆ ಬಸ್ಸಿಲ್ಲ.

ಪಾರುಪತ್ಯಗಾರರು ನೋಟ್‌ಬುಕ್ ಚಾಚಿ, ಇದು ಸುಳ್ಳೇನಯ್ಯ ಎಂದು ಕೇಳಿದರು. ಸುಳ್ಳು ಎಂದಿದ್ದರೆ ಹದಿನಾರರ ಹುಡುಗಿಯ ಗೀಟನ್ನು ಯಾರು ನಂಬುತ್ತಿದ್ದರು? ಪೋಸ್ಟ್ ಮಾವ ಕನ್ನಡಕ ಹಾಕಿಕೊಂಡು ಪುಟವನ್ನು ಪೂರ್ತಿ ಓದಿದರು. ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ. ಮಗ್ಗಿ ಒಪ್ಪಿಸಿದ ಮಗುವನ್ನು ಮೇಷ್ಟ್ರು ನೋಡಿದ ಹಾಗಿತ್ತು.

"ತಾರೀಖೆಲ್ಲ ಸರಿಯಾಗವೆ," ಎಂದರು. "ಒಂದ್ ದಿನಾನೂ ನಾನ್ ಇಳುದಿಲ್ಲ."

ಜಗಲಿಯಲ್ಲಿ ಗುಜುಗುಜು ಎದ್ದಿತು. ಅವರನ್ನು ಬೈದವರು ಕಡಿಮೆ, ಬೇಡಿಕೊಂಡವರೇ ಹೆಚ್ಚು. ನಮ್ಮಜ್ಜಿ ಎದ್ದು ಮುಂದೆ ಹೋದಳು. "ಒಂದೇ ಒಂದ್ಸಲ ಇಳ್ದ್‌ಬುಡಪ್ಪ. ನಿನ್ ಗಂಟೇನ್ ಹೋಯ್ತದೆ? ಈ ಮಂಡಿ ಕಟ್ಕಂಡು ನಾನ್ ಎಲ್ಲಿಗ್ ಹೋಗ್ಲಿ?" ಪೋಸ್ಟ್ ಮಾವ ಅಜ್ಜಿಯ ಮಂಡಿಯನ್ನೇ ನೋಡುತ್ತಾ ನಿಂತರು.

ಅಲ್ಲಿಂದ ಪಟ್ಟದ ದಿನಕ್ಕೆ ಒಂಬತ್ತು ದಿನ. ಒಂಬತ್ತು ಬೆಳಿಗ್ಗೆಯೂ ನಾನು ಜಗಲಿಗೆ ಬರದೆ ಒಳಗಿನಿಂದಲೇ ಕಿವಿಗೊಟ್ಟೆ. ಸೈಕಲ್ ಚೈನಿನ ಸದ್ದು ಹುಣಸೆಮರದ ಹತ್ತಿರ ನಿಲ್ಲದೆ ಮುಂದೆ ಹೋಗುತ್ತಿತ್ತು. ಇಳಿಯದಿದ್ದರೆ ಕಚೇರಿ ಹೋಗುತ್ತದೆ, ಇಳಿದರೆ ಅವರು... ಏನು ಬೇಡಿಕೊಳ್ಳಬೇಕೆಂದು ನನಗೇ ಗೊತ್ತಾಗಲಿಲ್ಲ. ಮುದ್ರೆಯ ಚೂರಿಗೆ ಕಿಟಕಿಯ ಹತ್ತಿರ ಹೋಗುವುದನ್ನೂ ಬಿಟ್ಟೆ.

ಪಟ್ಟದ ದಿನ ಬುಧವಾರ, ಅಂಚೆಗೆ ರಜೆಯಿಲ್ಲ. ಹಸಿ ಗರಿಯ ಚಪ್ಪರದ ಕೆಳಗೆ ಚಿಕ್ಕ ದೊರೆ ಕೂತಿದ್ದ. ಮೂವತ್ತರ ಒಳಗಿನವನು, ತಲೆಗೆ ದೊಡ್ಡದಾದ ಪೇಟವನ್ನು ಮತ್ತೆ ಮತ್ತೆ ಸರಿ ಮಾಡಿಕೊಳ್ಳುತ್ತಿದ್ದ. ಊರೆಲ್ಲ ಹುಣಸೆಮರದ ಕಡೆಗೇ ನೋಡುತ್ತಿತ್ತು. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಸೈಕಲ್ ಬಂತು. ಹುಡುಗರು ಫೋನ್ ಎತ್ತಿದರು.

ಪೋಸ್ಟ್ ಮಾವ ಮರದ ನೆರಳಿಗೆ ಬಂದು ಬ್ರೇಕ್ ಹಿಡಿದರು. ಒಂದು ಕಾಲು ನೆಲಕ್ಕೆ ಊರಿ ಹಾಗೆಯೇ ನಿಂತರು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಎಣಿಸದ ಹೊತ್ತು ನನ್ನ ಬದುಕಿನಲ್ಲಿ ಅದೊಂದೇ ಇರಬೇಕು. ಆಮೇಲೆ ಮೊದಲು ಖಾಕಿ ಚೀಲ ತೆಗೆದು ಹ್ಯಾಂಡಲ್ಲಿಗೆ ನೇತುಹಾಕಿದರು. ಚೀಲ ಮೈಮೇಲಿಂದ ಹೋದ ಮೇಲೆ ಇಳಿದರು. ಟವೆಲ್ ಸೊಂಟಕ್ಕೆ ಸುತ್ತಿದರು. ಯಾರೋ ಕೈಗೆ ಕಾಯಿ ಕೊಟ್ಟರು.

ನಲವತ್ತು ಹೆಜ್ಜೆಗೂ ಅವರು ತಲೆ ಎತ್ತಲಿಲ್ಲ. ಕಾಯಿ ಒಪ್ಪಿಸಿ ಬಗ್ಗಿದಾಗ ಚಿಕ್ಕ ದೊರೆ ಗಾಬರಿಯಾಗಿ ಅರ್ಧ ಎದ್ದ. "ಅಯ್ಯೋ, ಇದೆಲ್ಲ ಬೇಡ ಅಂಕಲ್, ನೀವು ದೊಡ್ಡವರು," ಎಂದ. ಆಮೇಲೆ ಪಾರುಪತ್ಯಗಾರರ ಕಡೆ ತಿರುಗಿ, ಇವರು ಯಾರು ಎಂದು ಕೇಳಿದ. ನಾನು ಹತ್ತಿರವೇ ಇದ್ದೆ. ಆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ನೋಟ್‌ಬುಕ್ಕನ್ನು ಅವನಿಗೆ ಯಾರೂ ತೋರಿಸಿಯೇ ಇರಲಿಲ್ಲ. ಷರತ್ತೂ ಅವನದಾಗಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ಮಾತ್ರ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಚೈನಿನ ಸದ್ದು ಬರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಪೋಸ್ಟ್ ಮಾವ ಚೀಲ ಹೊತ್ತು ನಡೆದು ಬರುತ್ತಿದ್ದರು. ಟವೆಲ್ ಹೆಗಲ ಮೇಲಿತ್ತು. ಮಧ್ಯಾಹ್ನ ಕಾಗದ ಹಂಚಲೂ ನಡೆದೇ ಹೋದರು. ಸೈಕಲ್ ಕೆಟ್ಟಿದೆ ಎಂದುಕೊಂಡರು ಜನ. ವಾರ ಕಳೆದರೂ ನಡಿಗೆಯೇ. ಹತ್ತದವನನ್ನು ಇಳಿ ಎನ್ನುವುದು ಹೇಗೆ? ಆ ತಿಂಗಳು, ಎಂದೂ ಇಲ್ಲದೆ, ಅಜ್ಜಿಯ ವೇತನವನ್ನು ಮನೆಗೇ ತಂದುಕೊಟ್ಟಾಗ ಅವಳು ಸೈಕಲ್ ಎಲ್ಲಪ್ಪ ಎಂದು ಕೇಳಿದಳು. ನಾನು ಬಾಗಿಲ ಹಿಂದಿದ್ದೆ.

"ದೊರೆ ಇಳಿ ಅಂದಿದ್ರೆ ಇಳೀತಿರ್ಲಿಲ್ಲ ಕಣಜ್ಜಿ," ಎಂದರು. "ನೀನ್ ಅಂದೆ. ಇನ್ನೊಂದ್ಸಲ ನಿನ್ ಬಾಯಲ್ಲಿ ಅನ್ನಿಸ್ಬಾರ್ದು ಅಂತ ಹತ್ತೋದೇ ಬುಟ್ಟೆ."

ನಾನು ಹೊರಗೆ ಬರಬೇಕಿತ್ತು. ಬರಲಿಲ್ಲ. ನಿವೃತ್ತಿಯವರೆಗೆ ನಾಲ್ಕು ವರ್ಷ ಅವರು ದಿನಕ್ಕೆ ಮೂರು ಊರು ನಡೆದರು. ಅಷ್ಟು ವರ್ಷವೂ ನಾನು ಕಿಟಕಿಯ ಮುಂದೆ ನಿಲ್ಲದೆ ಹಿಂದಿನ ಬೀದಿಯಿಂದ ಬಸ್ಸಿಗೆ ಹೋದೆ. ಎದುರು ಸಿಕ್ಕಾಗಲೆಲ್ಲ ಚೆನ್ನಾಗಿದ್ದೀಯೇನವ್ವ ಎಂದು ಕೇಳುತ್ತಿದ್ದರು. ಹ್ಞೂಂ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಆಗಲಿಲ್ಲ...

ಈಗ ಊರ ಹೊರಗೆ ಹೊಸ ರಸ್ತೆಯಾಗಿದೆ. ದೊರೆಮನೆಯ ಮುಂದೆ ಗಾಡಿಗಳು ಹೋಗುವುದೇ ಕಡಿಮೆ. ಹೋದವರೂ ಇಳಿಯುವುದಿಲ್ಲ, ಇಳಿಯಬೇಕಿತ್ತು ಎಂಬುದೂ ಸಣ್ಣವರಿಗೆ ಗೊತ್ತಿಲ್ಲ. ಚಿಕ್ಕ ದೊರೆ ಊರಿಗೆ ಬಾರದೆ ಮೂರು ವರ್ಷವಾಯಿತು. ಅಂಚೆ ಕಚೇರಿ ಶಾಲೆಯ ಪಕ್ಕ ಆಮೇಲೆ ಕಟ್ಟಿದ ಕೋಣೆಯಲ್ಲಿದೆ. ಒಬ್ಬ ಮನುಷ್ಯನ ಮಂಡಿ ಸವೆಸಿದ ಪದ್ಧತಿಯನ್ನು ಕೊನೆಗೆ ಯಾರೂ ಮುರಿಯಲೂ ಇಲ್ಲ, ಉಳಿಸಿಕೊಳ್ಳಲೂ ಇಲ್ಲ.

ಹೋದ ವರ್ಷ ಮಾಘದಲ್ಲಿ ಪೋಸ್ಟ್ ಮಾವ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ಮಗಳು ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟಳು. ನಿನಗೆ ಸೇರಬೇಕಾದದ್ದಂತೆ ಅಕ್ಕ ಎಂದಳು. ಒಳಗೆ, ಅಂಚೆ ಚೀಲ ಕಟ್ಟುವ ಹುರಿಯಲ್ಲಿ ವರ್ಷವರ್ಷವಾಗಿ ಬಿಗಿದ ಹಾಳೆ ಚೂರುಗಳು. ನಾನು ಹೋಗದೆ ಬಿಟ್ಟ ದಿನದಿಂದ ನಿವೃತ್ತಿಯ ದಿನದವರೆಗಿನ ಮೊದಲ ಮುದ್ರೆಗಳು. ಕ್ಯಾಲೆಂಡರ್ ಮುಂದಿಟ್ಟುಕೊಂಡು, ಭಾನುವಾರ ಮತ್ತು ರಜೆ ಕಳೆದು, ಒಂದೊಂದನ್ನೇ ತಾಳೆ ನೋಡಿದೆ. ಎರಡು ಸಂಜೆ ಹಿಡಿಯಿತು. ಒಂದು ದಿನದ್ದು ಮಾತ್ರ ಇರಲಿಲ್ಲ. ಆ ಬುಧವಾರದ್ದು.

ನನ್ನ ಡೈರಿಯಲ್ಲಿ ಆ ಬುಧವಾರದ ಪುಟವಿದೆ. ಅದರಲ್ಲಿ "ಇಳಿದರು" ಎಂಬ ಒಂದೇ ಪದವಿದೆ. ಹರಿದುಬಿಡಲೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ತಾರೀಖು ಸರಿಯಾಗಿದೆ ಎಂದು ಅಷ್ಟು ಜನರ ಮುಂದೆ ಒಪ್ಪಿಕೊಂಡವರ ನೆನಪಿಗೆ ಅದು ಸಲ್ಲದು ಎನಿಸುತ್ತದೆ. ಅವರು ಸಾಕ್ಷಿ ಇಲ್ಲದಂತೆ ಬಿಟ್ಟ ದಿನವನ್ನು ಇಲ್ಲಿ ಮತ್ತೆ ಬರೆದೆನಲ್ಲ, ಅದು ಸಲ್ಲುತ್ತದೆಯೋ... ಗೊತ್ತಿಲ್ಲ.

ಸೋಮವಾರ ಹೊಸ ಪ್ಯಾಡಿನ ಮೇಲೆ ಮೊಹರು ತಟ್ಟಿ, ಮೊದಲ ಮುದ್ರೆಯನ್ನು ಒಂದು ಹಾಳೆ ಚೂರಿನ ಮೇಲೆ ಒತ್ತಿದೆ. ಅಂಕಿಗಳು ಚೆನ್ನಾಗಿ ಮೂಡಿದ್ದವು. ಚೂರು ಹಿಡಿದು ಕಿಟಕಿಯ ಕಡೆ ತಿರುಗಿದೆ. ಸರಳಿನ ಆಚೆ ಯಾರ ಕೈಯೂ ಇರಲಿಲ್ಲ.