ಹಗ್ಗ ಕಡಿದವನು ದೇವರಲ್ಲ

ಗೋಣಿಬೀಡಿನಿಂದ ಮೂರು ಮೈಲಿ ಒಳಗೆ, ಪುಟ್ಟಸ್ವಾಮಿ ಗೌಡರ ಎಸ್ಟೇಟಿನ ಕೂಲಿ ಲೈನಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕರೆ ಹೋಗುತ್ತಿದ್ದುದು ಸೆರಪಿನ್ ಬಾಯಮ್ಮನಿಗೆ. ಹೆಣಕ್ಕೆ ಸ್ನಾನ ಮಾಡಿಸುವುದಕ್ಕೂ, ಎದೆ ಬಡಿದುಕೊಳ್ಳುವವರನ್ನು ಹಿಡಿದು ಕೂರಿಸುವುದಕ್ಕೂ ಅವಳೇ ಆಗಬೇಕು. ಕ್ರೈಸ್ತರ ಮನೆಯಾದರೆ ಜಪಸರ ಹಿಡಿದು ಪ್ರಾರ್ಥನೆ ಹೇಳಿಸುತ್ತಿದ್ದಳು. ಬೇರೆಯವರ ಮನೆಯಾದರೆ ಜಪಸರವನ್ನು ಸೆರಗಿನೊಳಗೆ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಏಳುವ ಮುಂಚೆ ಹೇಳುತ್ತಿದ್ದ ಮಾತು ಮಾತ್ರ ಎಲ್ಲ ಮನೆಗೂ ಒಂದೇ: "ದೇವರ ಚಿತ್ತ. ಯಾಕೆ ಅಂತ ನಾವು ಕೇಳ್ಬಾರ್ದು."

ಕಳಸದ ಕಡೆಯಿಂದ ಹದಿನೆಂಟಕ್ಕೆ ಮದುವೆಯಾಗಿ ಬಂದು, ಮೂವತ್ತು ವರ್ಷ ಇದೇ ಲೈನಿನಲ್ಲಿ ಬದುಕಿದವಳಿಗೆ ದೇವರು ಹೇಗೆ ಕಂಡಾನು? ದೊಡ್ಡ ಧಣಿಯ ಹಾಗೇ ಕಂಡ. ಮೇಲಿನ ಬಂಗಲೆಯಲ್ಲಿರುತ್ತಾನೆ, ನೇರ ಹೋಗಿ ಬಾಗಿಲು ಬಡಿಯುವಂತಿಲ್ಲ. ಸಂತರೆಲ್ಲ ಮೇಸ್ತ್ರಿಗಳು. ಮರಿಯಮ್ಮ ಒಳಗಿನಿಂದ ನಮ್ಮ ಪರವಾಗಿ ಒಂದು ಮಾತು ಹೇಳುವ ಅಮ್ಮಾವ್ರು. ಗೌಡರ ಜೀಪು ಕಂಡರೆ ಎಂಥ ಮಳೆಯಲ್ಲೂ ಆಳುಗಳು ಕೊಡೆ ಮಡಚಿ ನಿಲ್ಲುವುದು ಆ ತೋಟದ ಪದ್ಧತಿ. ದೇವರ ಮುಂದೆಯೂ ಸೆರಪಿನ್ ಹಾಗೇ ನೆನೆಯುತ್ತಾ ನಿಂತಳು. ಗಂಡ ಕಾಮಾಲೆಯಲ್ಲಿ ಹೋದಾಗಲೂ ತುಟಿ ಬಿಚ್ಚಲಿಲ್ಲ. ಇದನ್ನು ಭಕ್ತಿ ಎಂದು ಊರೆಲ್ಲ ಹೊಗಳಿತು. ಹೊಗಳದೆ ಏನು! ಪ್ರಶ್ನೆ ಕೇಳದ ಆಳನ್ನು ಹೊಗಳಲು ಯಾರಪ್ಪನ ಗಂಟೂ ಹೋಗುವುದಿಲ್ಲ.

ತೊಂಬತ್ಮೂರರಲ್ಲಿ ಪಕ್ಕದ ಮನೆಯ ಮುದ್ದಮ್ಮನ ಗಂಡ ತಮ್ಮಯ್ಯ ಮೆಣಸು ಕೊಯ್ಯುವಾಗ ಏಣಿ ಮುರಿದು ಸತ್ತ. ಬಿದಿರಿನ ಏಣಿ, ಒಳಗೆಲ್ಲ ಕುಟ್ಟೆ ಹುಳ ಕೊರೆದು ಹಿಟ್ಟಾಗಿತ್ತು. ಕೆಳಗೆ ಮೆಣಸು ಆಯುತ್ತಿದ್ದ ಸೆರಪಿನ್ ಅದನ್ನು ಕಣ್ಣಾರೆ ಕಂಡಿದ್ದಳು. ಆದರೂ ಸಂಜೆ ಮುದ್ದಮ್ಮನ ಜಗಲಿಯಲ್ಲಿ ಕೂತು ತನ್ನ ಮಾತನ್ನೇ ಹೇಳಿದಳು. ಮುದ್ದಮ್ಮ ಅಳು ನಿಲ್ಲಿಸಿ ಅವಳ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿದಳು. ಏಣಿಯ ತುಂಡುಗಳು ಬಂಗಲೆಯ ಬಚ್ಚಲೊಲೆಗೆ ಹೋದವು.

ಎಂಟು ವರ್ಷ ಕಳೆಯಿತು. ಎರಡು ಸಾವಿರದ ಒಂದನೇ ಇಸವಿಯ ಜೂನ್, ಮಳೆ ಹಿಡಿಯುವ ಹೊತ್ತು. ಮರಗಸಿ ನಡೆದಿತ್ತು. ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ ಅದು. ಸೊಂಟಕ್ಕೆ ಕಟ್ಟಿದ ಹಗ್ಗವೊಂದೇ ಪ್ರಾಣ. ಸೆರಪಿನ್‌ಳ ಒಬ್ಬನೇ ಮಗ ಬೋನು, ಇಪ್ಪತ್ತೇಳರವನು, ಆ ಕೆಲಸದಲ್ಲಿ ಎತ್ತಿದ ಕೈ. ಹಗ್ಗ ಎಳೆ ಬಿಟ್ಟಿದೆ, ಬೇರೆ ಕೊಡಿ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಶಶಿಧರನನ್ನು ಎರಡು ಸಲ ಕೇಳಿದ್ದ. "ಈ ಸರ್ತಿ ಅದ್ರಲ್ಲೇ ಸುಧಾರಿಸ್ಕೊ ಮಾರಾಯ" ಎಂದಿದ್ದ ಶಶಿಧರ. ಮೂರನೆಯ ದಿನ ಹಗ್ಗ ತುಂಡಾಯಿತು.

ಮಣ್ಣಾದ ಮಾರನೆಯ ದಿನ ಗೌಡರು ಮನೆಗೆ ಬಂದರು. ಕುರ್ಚಿ ತುದಿಯಲ್ಲಿ ಕೂತು, ಕೈ ಉಜ್ಜಿಕೊಂಡು ಹೇಳಿದರು: "ದೇವರ ಚಿತ್ತ ಬಾಯಮ್ಮ. ಯಾಕೆ ಅಂತ ನಾವು ಕೇಳೋ ಹಾಗಿಲ್ಲ."

ಸೆರಪಿನ್‌ಗೆ ಮೈಯೆಲ್ಲ ಉರಿದುಹೋಯಿತು. ಅದು ಅವಳದೇ ಮಾತು. ಎಷ್ಟು ಮನೆಗಳಲ್ಲಿ ಹಂಚಿದ್ದಳೋ ಅಷ್ಟೂ ಈಗ ಗೌಡರ ಬಾಯಿಂದ ವಾಪಸು ಬಂತು. ಕೇಳಿದರೆ ಎಷ್ಟು ಹಗುರ, ಹೇಳುವವನಿಗೆ ಎಷ್ಟು ಸಲೀಸು! ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ಧಣಿಯ ಮುಖ ನೋಡಿ ಮಾತಾಡಿದಳು.

"ಹಗ್ಗ ಎಲ್ಲಿ?"

"ಯಾವ ಹಗ್ಗ?"

"ನನ್ ಮಗನ ಸೊಂಟದಲ್ಲಿದ್ದ ಹಗ್ಗ."

ಗೌಡರು ಗಡಿಯಾರ ನೋಡಿಕೊಂಡು ಎದ್ದರು.

ಏಳನೆಯ ದಿನದ ಪೂಜೆ ಮೂಡಿಗೆರೆಯ ಇಗರ್ಜಿಯಲ್ಲಿ. ಫಾದರ್ ಒಳ್ಳೆಯವರೇ, ವಯಸ್ಸು ಚಿಕ್ಕದು. ಪ್ರಸಂಗದಲ್ಲಿ ಇಂಪಾಗಿ ಹೇಳಿದರು: ದೇವರು ತನ್ನ ತೋಟದ ಚೆಂದದ ಹೂವನ್ನೇ ಮೊದಲು ಕೊಯ್ಯುತ್ತಾನೆ. ಹೆಂಗಸರು ಕಣ್ಣೊರೆಸಿಕೊಂಡರು. ಮುಂದಿನ ಬೆಂಚಿನಿಂದ ಸೆರಪಿನ್ ಎದ್ದು ನಿಂತಳು.

"ದೇವರು ಹಗ್ಗ ಕಡೀಲಿಲ್ಲ ಫಾದರ್."

ಯಾರೋ ಸೆರಗು ಹಿಡಿದೆಳೆದರು. ಅವಳು ಕೊಸರಿಕೊಂಡು ಪೀಠದ ಮೇಲಿನ ಶಿಲುಬೆಯತ್ತ ಕೈ ಮಾಡಿದಳು.

"ಅವನನ್ನ ಅಲ್ಲಿ ಏರಿಸಿದ್ದು ದೇವರಾ? ಮನುಷ್ಯರು ಅಲ್ವಾ? ಕೈ ತೊಳ್ಕೊಂಡು ಏರಿಸಿದ್ರು ಅಂತ ನೀವೇ ಓದ್ತೀರಿ. ಕೆಳಗೆ ಅವನ ತಾಯಿ ನಿಂತಿದ್ಲು. ಹೂ ಕೊಯ್ದ ಅಂತ ಅವಳ ಮುಂದೆ ಹೇಳಿ ನೋಡುವಾ!"

"ಕೂತ್ಕೊಳ್ಳಿ ಬಾಯಮ್ಮ" ಎಂದರು ಫಾದರ್ ಮೆಲ್ಲಗೆ. ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಗೆ ಬಂದು ಕೇಳಿದರು, "ಹಾಗಾದ್ರೆ ಆ ದಿನ ದೇವರು ಎಲ್ಲಿದ್ದ ಅಂತೀರಿ?"

"ಬಂಗಲೇಲಿ ಇರ್ಲಿಲ್ಲ. ಅಷ್ಟು ಗೊತ್ತು ನಂಗೆ" ಎಂದಳು. "ನನ್ ಬೋನು ಜೊತೆ ಮರದ ಮೇಲಿದ್ದ. ಅವನ ಜೊತೇಲೇ ಬಿದ್ದ. ಇಷ್ಟು ವರ್ಷ ನಾನು ತಪ್ಪು ಮನೆ ಮುಂದೆ ಕೈಕಟ್ಕೊಂಡು ನಿಂತಿದ್ದೆ ಫಾದರ್."

ಬಸ್ಸಿಳಿದು ಮಳೆಯಲ್ಲಿ ಲೈನಿಗೆ ನಡೆದು ಬರುವಾಗ ಅವಳ ಸಿಟ್ಟು ಗೌಡರನ್ನು, ಶಶಿಧರನನ್ನು, ಫಾದರನ್ನು ದಾಟಿ ಕೊನೆಗೆ ತನ್ನ ಮೇಲೆಯೇ ಬಂದು ಬಿತ್ತು. ತನ್ನ ಮನೆಗೆ ಹೋಗದೆ ನೇರ ಮುದ್ದಮ್ಮನ ಜಗಲಿ ಹತ್ತಿದಳು. ಮುದ್ದಮ್ಮ ಅಕ್ಕಿ ಆರಿಸುತ್ತಿದ್ದಳು.

"ಮುದ್ದಮ್ಮ, ತಮ್ಮಯ್ಯ ಹೋದಾಗ ಇಲ್ಲೇ ಕೂತು ದೇವರ ಚಿತ್ತ ಅಂದಿದ್ದೆ. ಸುಳ್ಳು ಅದು. ಏಣಿಗೆ ಕುಟ್ಟೆ ಹಿಡಿದಿದ್ದು ನಂಗೆ ಗೊತ್ತಿತ್ತು. ಮನುಷ್ಯರ ತಪ್ಪನ್ನ ದೇವರ ಮೇಲೆ ಹಾಕ್ದೆ, ನನ್ ಪಾಪ ಅದು."

ಮುದ್ದಮ್ಮ ಮೊರದಿಂದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು.

"ನಂಗೂ ಗೊತ್ತಿತ್ತು. ಮಾರನೇ ದಿನ ಹೋಗಿ ಗೌಡ್ರನ್ನ ಕೇಳ್ಬೇಕು ಅಂತಿದ್ದೆ. ನೀವು ಕೇಳ್ಬಾರ್ದು ಅಂದ್ರಿ. ನೀವು ದೊಡ್ಡವ್ರು, ದೇವರನ್ನ ಬಲ್ಲವ್ರು ಅಂತ ಬಾಯಿ ಮುಚ್ಕೊಂಡೆ." ಇನ್ನೊಂದು ಕಲ್ಲು ಆರಿಸಿ ಎಸೆದಳು. "ಅವತ್ತು ಏಣಿ ವಿಷ್ಯ ಕೇಳಿದ್ರೆ, ಹಗ್ಗಾನೂ ಆವಾಗ್ಲೇ ಬದಲಾಗ್ತಿತ್ತೇನೋ ಬಾಯಮ್ಮ."

ಸೆರಪಿನ್ ಅಲ್ಲೇ ಕುಸಿದು ಕೂತಳು. ಮಗನಿಗಾಗಿಯೂ ಅಷ್ಟು ಅತ್ತಿರಲಿಲ್ಲ. ಸಮಾಧಾನದ ಮಾತು ಮುದ್ದಮ್ಮ ಒಂದೂ ಹೇಳಲಿಲ್ಲ. ಮೊರ ಬದಿಗಿಟ್ಟು ಪಕ್ಕದಲ್ಲಿ ಕೂತಳು.

ಮರುದಿನ ಹಾಜರಿ ಹೊತ್ತಿಗೆ ಮಳೆ ಹೊಯ್ಯುತ್ತಿತ್ತು. ಗೌಡರ ಜೀಪು ಬಂದು ನಿಂತಿತು. ಸಾಲಿನಲ್ಲಿದ್ದವರೆಲ್ಲ ಎಂದಿನಂತೆ ಕೊಡೆ ಮಡಚಿದರು. ಮಡಚದೆ ಉಳಿದದ್ದು ಒಂದೇ ಕೊಡೆ. ಅದರಡಿ ಇಬ್ಬರು ಹೆಂಗಸರಿದ್ದರು.

"ಮರ ಹತ್ತೋರು ನಿಲ್ಲಿ" ಎಂದಳು ಸೆರಪಿನ್, ಪ್ರಾರ್ಥನೆ ಹೇಳಿಸುವ ಅದೇ ಗಟ್ಟಿ ದನಿಯಲ್ಲಿ. "ಮೊದ್ಲು ಹಗ್ಗ ತೋರಿಸ್ಲಿ."